ಹಿರಿಯರಿಗೂ ಒಂದು ಆಟದ ಅಂಗಳ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1934ರಲ್ಲಿ ಅಣೆಕಟ್ಟು ಪೂರ್ಣಗೊಂಡ ಈ ಮೆಟ್ಟೂರಿನಲ್ಲಿ ನೀರು ನಮಗೆ ಹೊಸದಲ್ಲ. ಆದರೆ ಗಡ್ಡೆಗಟ್ಟಿದ ನೀರನ್ನು ನಾವು ಕಂಡಿರುವುದು ಮೀನಿನ ಪೆಟ್ಟಿಗೆಗಳಲ್ಲಿ ಮಾತ್ರ. ಅಂತಹ ಮಂಜುಗಡ್ಡೆಯ ನೆಲದ ಮೇಲೆ, ಉಕ್ಕಿನ ಅಲಗುಳ್ಳ ಬೂಟುಗಳನ್ನು ತೊಟ್ಟು, ತಲೆ ನರೆತವರು ಸ್ಪರ್ಧೆಗೆ ಇಳಿಯುತ್ತಾರೆಂದರೆ ನಮಗೆ ಅಚ್ಚರಿಯಾಗುವುದು ಸಹಜ.

ಅಮೆರಿಕದಲ್ಲಿ 1995ರಿಂದ ವಯಸ್ಕರಿಗಾಗಿಯೇ ರಾಷ್ಟ್ರೀಯ ಸ್ಕೇಟಿಂಗ್ ಸ್ಪರ್ಧೆ ಏರ್ಪಟ್ಟಿತು. 2005ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಜರ್ಮನಿಯ ಒಬರ್ಸ್ಟ್‌ಡಾರ್ಫ್ ಎಂಬ ಬೆಟ್ಟದೂರಿನಲ್ಲಿ ಅಂತಹುದೇ ಕೂಟವನ್ನು ಆರಂಭಿಸಿತು. ಅಲ್ಲಿಯ ಕ್ರಮವು ವಿಚಾರಯೋಗ್ಯವಾದುದು. ವಯಸ್ಸಿಗೆ ತಕ್ಕಂತೆ ಗುಂಪು, ಪಳಗಿಕೆಗೆ ತಕ್ಕಂತೆ ದರ್ಜೆ. ಎಪ್ಪತ್ತರವರನ್ನು ಮೂವತ್ತರವರ ಎದುರು ನಿಲ್ಲಿಸುವುದಿಲ್ಲ. ಬಾಲ್ಯದಲ್ಲಿ ಕಲಿತವರಷ್ಟೇ ಅಲ್ಲದೆ, ನಡುವಯಸ್ಸಿನಲ್ಲಿ ಮೊದಲ ಸಲ ಅಲಗಿನ ಮೇಲೆ ನಿಂತವರೂ ಅಲ್ಲಿಗೆ ಬರುತ್ತಾರೆ.

ಇದು ಪರದೇಶದ ಮಾತಾಯಿತೆಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದ ಮಾನ್ ಕೌರ್ ಅವರು ಓಟದ ಅಭ್ಯಾಸಕ್ಕೆ ತೊಡಗಿದ್ದು 93ನೆಯ ವಯಸ್ಸಿನಲ್ಲಿ, ಮಗನ ಪ್ರೇರಣೆಯಿಂದ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, 101 ವರ್ಷದ ಆ ತಾಯಿ 100 ಮೀಟರು ಓಡಿ ಚಿನ್ನದ ಪದಕ ಪಡೆದರು. ಗಮನಿಸಿರಿ: ಆ ಮಗನು ತಾಯಿಗೆ ಕುಳಿತಿರೆಂದು ಹೇಳಲಿಲ್ಲ.

ನಾವಾದರೋ ಮನೆಯ ಹಿರಿಯರಿಗೆ ದಿನಬೆಳಗಾದರೆ ಹೇಳುವುದು ಅದನ್ನೇ. "ಅಜ್ಜೀ, ಬಿದ್ದೀರಿ, ಸುಮ್ಮನೆ ಕುಳಿತಿರಿ." ಇದು ಪ್ರೀತಿಯ ಮಾತೇ ಸರಿ. ಆದರೆ ಕುಳಿತೇ ಇದ್ದ ದೇಹದಲ್ಲಿ ಕಾಲಿನ ಕಸುವು ಕುಂದುತ್ತದೆ, ಸಮತೋಲ ತಪ್ಪುತ್ತದೆ; ಯಾವುದಕ್ಕೆ ಅಂಜಿದೆವೋ ಅದೇ ಬೀಳುವಿಕೆ ಬಹುಬೇಗ ಒದಗುತ್ತದೆ. 65 ದಾಟಿದವರು ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಶಕ್ತಿಯ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಹಿತವೂ ಅಡಗಿದೆ. ಬೀದಿಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ತಮಿಳು ನಮ್ಮ ನೆರೆಯ ನುಡಿ; ಅದರ ಮೇಲೆ ನಮಗೆ ಗೌರವವುಂಟು. ಕನ್ನಡವು ಉಳಿದಿರುವುದು ಹೆಚ್ಚಾಗಿ ಅಜ್ಜ ಅಜ್ಜಿಯರ ಬಾಯಲ್ಲಿ. ಅವರು ಮೂಲೆ ಸೇರಿದರೆ ಮನೆಯ ಕನ್ನಡವೂ ಮೂಲೆ ಸೇರುತ್ತದೆ.

ಪ್ರತಿ ಉತ್ಸವದಲ್ಲಿಯೂ ಮಕ್ಕಳನ್ನು ಓಡಿಸಿ, ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಕಳುಹಿಸುತ್ತೇವೆ. ಶಾಲು ಇರಲಿ, ಆಟವೂ ಇರಲಿ. ನಮಗೆ ಮಂಜಿನ ನೆಲ ಬೇಕಿಲ್ಲ, ಶಾಲೆಯ ಅಂಗಳ ಸಾಕು. ಮುಂದಿನ ವರ್ಷ ಅರವತ್ತರವರಿಗೊಂದು, ಎಪ್ಪತ್ತರವರಿಗೊಂದು ಗುಂಪು ಮಾಡಿ, ವೈದ್ಯರನ್ನು ಕೇಳಿಕೊಂಡು, ನಡಿಗೆಯ ಸ್ಪರ್ಧೆಯನ್ನು ಏರ್ಪಡಿಸೋಣ. ಅಜ್ಜಿ ಮೊಮ್ಮಕ್ಕಳು ಜೋಡಿಯಾಗಿ ಅಳಗುಳಿಮಣೆ, ಚೌಕಾಬಾರ ಆಡಲಿ. ಎಣಿಕೆಯೆಲ್ಲ ಕನ್ನಡದಲ್ಲಿಯೇ ನಡೆಯಲಿ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಈ ಸಂಜೆ ಮನೆಗೆ ಹೋದೊಡನೆ ಹಿರಿಯರ ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆದು ಬರೋಣ. ದಾರಿಯುದ್ದಕ್ಕೂ ಅವರೇ ಮಾತನಾಡಲಿ.