ಕಾಳುಮೆಣಸಿನ ಮೂಲ ಯಾವುದು?

(ವರದಮೂಲದ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತು)

 

ವರದೆ ಹುಟ್ಟುವ ಜಾಗದಲ್ಲಿ ಕೂತಿದ್ದೇವೆ. ಈ ನೀರಿನ ಮೂಲವನ್ನು ಯಾರೂ ಕೇಳಬೇಕಿಲ್ಲ. ಪೇಟೆಯಲ್ಲಿ ಸಿಗುವ ಕಾಳುಮೆಣಸಿನ ಮೂಲವನ್ನು ಮಾತ್ರ ಕೇಳಲೇಬೇಕಾಗಿದೆ.

ಮೆಣಸಿನ ವ್ಯಾಪಾರ ನಮಗೆ ಹೊಸದಲ್ಲ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದದ್ದು ಪೋರ್ಚುಗೀಸ್ ರಾಯಭಾರಿಯ ಜೊತೆಗೆ. ಕೆಳದಿಯ ವೆಂಕಟಪ್ಪ ನಾಯಕನ ಸೀಮೆಯ ಮೆಣಸು ಅವರಿಗೆ ಬೇಕಿತ್ತು. ಅಂದು ಮಾತಾಡಲು ನಮ್ಮೂರಿಗೇ ಬರುತ್ತಿದ್ದರು. ಇಂದು ಎಲ್ಲೋ ಆದ ಒಪ್ಪಂದ ನಮ್ಮ ಅಂಗಳದ ಧಾರಣೆಯನ್ನು ಅಲುಗಿಸುತ್ತದೆ.

ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರಿನಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡವು. 2000ದಲ್ಲಿ ಅದು ಜಾರಿಗೆ ಬಂತು. ಸಣ್ಣ ದೇಶದ ರೈತನಿಗೆ ನಮ್ಮ ದೊಡ್ಡ ಪೇಟೆ ತೆರೆದದ್ದು ತಪ್ಪಲ್ಲ. ಅವನೂ ನಮ್ಮ ಹಾಗೆ ಬಳ್ಳಿ ನಂಬಿ ಬದುಕುವವನು. ಅಲ್ಲಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕೆ ಮೇಲ್ಪಟ್ಟದ್ದಕ್ಕೆ ದಕ್ಷಿಣ ಏಷ್ಯಾ ಒಪ್ಪಂದದಡಿ ಶೇ. 8 ಸುಂಕ. ವಿಯೆಟ್ನಾಮಿನಿಂದ ನೇರವಾಗಿ ತಂದರೆ ಸುಂಕ ಇದರ ಹಲವು ಪಟ್ಟು. ಕಳ್ಳದಾರಿ ಹುಟ್ಟುವುದು ಈ ಅಂತರದಲ್ಲೇ. ವಿಯೆಟ್ನಾಮಿನ ಅಗ್ಗದ ಮಾಲು ಲಂಕೆಯ ಚೀಟಿ ಹಚ್ಚಿಕೊಂಡು ಬರುತ್ತದೆಂಬುದು ಬೆಳೆಗಾರರ ಬಹುಕಾಲದ ದೂರು.

ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ಕಟ್ಟಿತು. ಅಡಿಕೆಯ ಈ ದರವನ್ನು 2023ರ ಫೆಬ್ರವರಿಯಲ್ಲಿ 251ರಿಂದ 351 ರೂಪಾಯಿಗೆ ಏರಿಸಿತು. ಆದರೆ 2022ರಲ್ಲೇ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಈ ದರದಿಂದ ವಿನಾಯಿತಿ ಕೊಟ್ಟಿತ್ತು. ಮೆಣಸಿನ ಧಾರಣೆ 500 ದಾಟಿದ ದಿನ ಆ ಬೇಲಿಯೂ ಗಿಡ್ಡವೇ. ಬೇಲಿಗಿಂತ ಮುಖ್ಯವಾದದ್ದು, ಬಂದ ಮಾಲು ಯಾವ ಮಣ್ಣಿನದೆಂದು ಬಂದರಿನಲ್ಲೇ ಕಟ್ಟುನಿಟ್ಟಾಗಿ ನೋಡುವುದು. ಮತ ಕೇಳಲು ಬಂದವರ ಹತ್ತಿರ ನಾವು ಇದನ್ನೇ ಕೇಳಬೇಕು.

ಇನ್ನು ನಮ್ಮ ಮನೆಯ ಮಾತು. ಸುಳ್ಳು ಚೀಟಿಯ ಮಾಲನ್ನು ಕೊಂಡು, ಮಲೆನಾಡಿನ ಮೆಣಸಿಗೆ ಬೆರೆಸಿ ಮಾರುವವನು ಲಂಕೆಯವನಲ್ಲ, ನಮ್ಮವನೇ. ಅವನು ಹಣೆಗೆ ವಿಭೂತಿ ಧರಿಸಿರಲೂಬಹುದು. ಕಾಯಕವೆಂದರೆ ಬರೀ ದುಡಿಮೆಯಲ್ಲ, ಸತ್ಯಶುದ್ಧ ದುಡಿಮೆ. ಅದಿಲ್ಲದ ಹಣ ದಾಸೋಹಕ್ಕೆ ಬಂದರೆ ಮಠ ಒಪ್ಪಬೇಕೆ? ಪೂಜ್ಯರ ಸಮ್ಮುಖದಲ್ಲೇ ಕೇಳುತ್ತಿದ್ದೇನೆ, ಮನ್ನಿಸಬೇಕು.

ಇನ್ನೊಂದು ಮಾತು. ಧಾರಣೆ ಬಿದ್ದ ವರ್ಷ ನಾವು ಮೊದಲು ಕೈ ಹಾಕುವುದು ಕೊನೆ ಕೊಯ್ಯುವವನ, ಮೆಣಸು ಬಿಡಿಸುವ ಹೆಣ್ಣುಮಗಳ ಕೂಲಿಗೆ. ಒಪ್ಪಂದಕ್ಕೆ ಸಹಿ ಹಾಕುವಾಗ ದೆಹಲಿ ನಮ್ಮನ್ನು ಕೇಳಲಿಲ್ಲವೆಂದು ಗೊಣಗುತ್ತೇವೆ. ಕೂಲಿ ಇಳಿಸುವಾಗ ನಾವು ಅವರನ್ನು ಕೇಳುತ್ತೇವೆಯೆ?

ಬಿಲ್ಲು ಪಡೆದು ಮಾರೋಣ, ನಮ್ಮ ಸಹಕಾರ ಸಂಘಗಳನ್ನು ಉಳಿಸಿಕೊಳ್ಳೋಣ, ದುಡಿದವರ ಪಾಲು ಮುಟ್ಟದಿರೋಣ. ಆಮೇಲೆ ದೆಹಲಿಯನ್ನು ಪ್ರಶ್ನಿಸುವ ನಮ್ಮ ದನಿಗೆ ತೂಕ ಬರುತ್ತದೆ.