ರಿಪೋರ್ಟಿನ ಸಂಖ್ಯೆ ಹಣೆಬರಹವಲ್ಲ



ಬಾಯಿ ಕ್ಯಾನ್ಸರ್ ಚಿಕಿತ್ಸೆಗೆ ಬಂದಿರುವ ಹಿರಿಯರೇ, ಅವರ ಆರೈಕೆಗೆ ನಿಂತಿರುವ ಬಂಧುಗಳೇ, ಬಯಾಪ್ಸಿ ರಿಪೋರ್ಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಒಮ್ಮೆ ಕೆನ್ನೆಯ ಕ್ಯಾನ್ಸರ್ ಆಗಿದ್ದ ಹಿರಿಯರೊಬ್ಬರ ಮಗ ರಿಪೋರ್ಟ್ ಹಿಡಿದು ಅಳುತ್ತಾ ಬಂದ. ಅದರಲ್ಲಿ ‘ಕೆಐ-67: ಶೇ. 60’ ಎಂದಿತ್ತು. “ಸಿಸ್ಟರ್, ಅರವತ್ತು ಪರ್ಸೆಂಟ್ ರೋಗ ಹರಡೇತಿ. ಇನ್ನ ಆಪರೇಷನ್ ಯಾಕ ಬೇಕ್ರಿ? ಅಪ್ಪನ್ನ ಊರಿಗೆ ಕರಕೊಂಡು ಹೋಗ್ತೀವಿ” ಎಂದ.

ಆ ಸಂಖ್ಯೆಯ ಅರ್ಥ ಬೇರೆ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಕತ್ತರಿಸಿ, ಗಾಜಿನ ಮೇಲಿಟ್ಟು ವಿಶೇಷ ಬಣ್ಣ ಹಾಕುತ್ತಾರೆ. ಹುಡುಕುವ ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಕಾಣುತ್ತದೆ. ಕೆಐ-67 ಎಂಬುದು ಒಡೆದು ಎರಡಾಗುತ್ತಿರುವ ಜೀವಕೋಶಗಳಲ್ಲಿರುವ ಪ್ರೋಟೀನ್. ಎಣಿಸಿದ 100 ಕ್ಯಾನ್ಸರ್ ಕೋಶಗಳಲ್ಲಿ 60ರಲ್ಲಿ ಬಣ್ಣ ಕಂಡಿದೆ, ಅಷ್ಟೇ. ರೋಗ ಎಷ್ಟು ಹರಡಿದೆ, ರೋಗಿ ಎಷ್ಟು ದಿನ ಬದುಕುತ್ತಾರೆ ಎಂದು ಅದು ಹೇಳುವುದಿಲ್ಲ.

ಪಿ-53 ಎಂಬ ಇನ್ನೊಂದು ಪ್ರೋಟೀನ್ ಇದೆ. ಕೆಟ್ಟ ಕೋಶ ಬೆಳೆಯದಂತೆ ತಡೆಯುವುದು ಅದರ ಕೆಲಸ. ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿ ಅದು ಕೆಟ್ಟಿರುವುದು ಸಾಮಾನ್ಯ. ಈ ಎರಡರ ಮೇಲೂ ಅನೇಕ ಸಂಶೋಧನೆಗಳು ನಡೆದಿವೆ. ಆದರೆ ಫಲಿತಾಂಶಗಳು ಒಂದೇ ರೀತಿ ಬಂದಿಲ್ಲ. ಆದ್ದರಿಂದ ಇವುಗಳ ಆಧಾರದ ಮೇಲೆ ಯಾರಿಗೂ ಚಿಕಿತ್ಸೆ ಬೇಡವೆನ್ನುವುದಿಲ್ಲ.

ಪಿ-16 ಪರೀಕ್ಷೆ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೆ. ಅಲ್ಲಿ ಅದು ಪಾಸಿಟಿವ್ ಇದ್ದರೆ ಗುಣವಾಗುವ ಸಾಧ್ಯತೆ ಹೆಚ್ಚು. ಕೆನ್ನೆ, ವಸಡಿನ ಕ್ಯಾನ್ಸರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ರೋಗ ಮರುಕಳಿಸಿದಾಗ ಅಥವಾ ದೂರ ಹರಡಿದಾಗ ಇಮ್ಯುನೋಥೆರಪಿ ಔಷಧ ಕೊಡುವ ಬಗ್ಗೆ ನಿರ್ಧರಿಸಲು ಪಿಡಿ-ಎಲ್1 ಪರೀಕ್ಷೆ ಮಾಡಿಸುತ್ತಾರೆ.

ಹಾಗಾದರೆ ಡಾಕ್ಟರನ್ನು ಏನು ಕೇಳಬೇಕು?

1. ಗೆಡ್ಡೆ ಎಷ್ಟು ದೊಡ್ಡದಿದೆ, ಎಷ್ಟು ಆಳಕ್ಕೆ ಇಳಿದಿದೆ? (2018ರಿಂದ ಬಾಯಿ ಕ್ಯಾನ್ಸರಿನ ಹಂತ ನಿರ್ಧರಿಸುವಾಗ ಆಳವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.)
2. ಕುತ್ತಿಗೆಯ ಗಂಟುಗಳಿಗೆ ರೋಗ ತಲುಪಿದೆಯೇ? ಗಂಟಿನ ಹೊರಗೂ ಬಂದಿದೆಯೇ?
3. ಆಪರೇಷನ್ನಿನಲ್ಲಿ ತೆಗೆದ ಭಾಗದ ಅಂಚು ರೋಗಮುಕ್ತವಾಗಿದೆಯೇ?

ಮುಂದಿನ ದಾರಿ ಹೇಳುವುದು ಈ ಉತ್ತರಗಳು. ಆಪರೇಷನ್ ನಂತರ ರೇಡಿಯೇಷನ್ ಬೇಕೆಂದರೆ ಆರು ವಾರಗಳೊಳಗೆ ಶುರುವಾಗುವುದು ಒಳ್ಳೆಯದು. ಸಂಖ್ಯೆಗೆ ಹೆದರಿ ಮನೆಯಲ್ಲಿ ಕಳೆದ ದಿನಗಳು ತಿರುಗಿ ಬಾರವು. ಗುಟ್ಕಾ, ತಂಬಾಕು, ಅಡಿಕೆಯನ್ನು ಇಂದೇ ಬಿಡಿ. ಅದು ನಿಮ್ಮ ಕೈಯಲ್ಲೇ ಇದೆ.

ಆ ಮಗ ಈ ಮೂರು ಪ್ರಶ್ನೆ ಕೇಳಿಕೊಂಡು ಬಂದ. ತಂದೆಯವರಿಗೆ ಆಪರೇಷನ್ ಆಯಿತು. ಗಂಟುಗಳಲ್ಲಿ ರೋಗ ಇರಲಿಲ್ಲ. ಅಂದು ಊರಿಗೆ ಹೋಗಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ.

ರಿಪೋರ್ಟ್ ಅರ್ಥವಾಗದಿದ್ದರೆ ಸಂಕೋಚ ಬೇಡ, ನಮ್ಮನ್ನು ಕೇಳಿ. ಎಲ್ಲರಿಗೂ ಒಳ್ಳೆಯದಾಗಲಿ.