20 ಯೂನಿಟ್ ಅಂದ್ರೆ ಯಾವ ಸಿರಿಂಜ್‌ನಾಗೆ?

ಡೋಸ್ ಲೆಕ್ಕದ ಸೂತ್ರ ನಿಮ್ಮ ನೋಟ್ಸ್‌ನಾಗೆ ಐತೆ, ಅದನ್ನ ಮತ್ತೆ ಹೇಳಲ್ಲ. ಇವತ್ತು ನಾನು ಹಿಡಕೊಂಡಿರೋದು ಇನ್ಸುಲಿನ್ ಸಿರಿಂಜನ್ನ. ಒಂದರ ಮುಚ್ಚಳ ಕೆಂಪು, ಇನ್ನೊಂದರದ್ದು ಕಿತ್ತಳೆ.

ಹರಿಹರದಿಂದ ಬೆಳಿಗ್ಗೆ ಬಸ್ ಹತ್ತಿ ದಾವಣಗೆರೆಗೆ ಬಂದು, ಚಿಗಟೇರಿ ಆಸ್ಪತ್ರೆಗೋ ಬಾಪೂಜಿಗೋ ಪೋಸ್ಟಿಂಗ್ ಹೋಗೋ ನರ್ಸಿಂಗ್ ಹುಡುಗ್ರು ದಾರೀಲಿ ಅಮೆರಿಕದ ವಿಡಿಯೋ ನೋಡ್ತಾ ಕಲೀತಾರೆ. ಪಾಠ ಚೆನ್ನಾಗೇ ಇರುತ್ತೆ. ಆದ್ರೆ ಅಲ್ಲಿ ಇನ್ಸುಲಿನ್ ಅಂದ್ರೆ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಯೂನಿಟ್. ನಮ್ಮ ದೇಶದಾಗೆ ಬಾಟಲಿ ಇನ್ಸುಲಿನ್ ಹೆಚ್ಚಾಗಿ 40ರದ್ದು, ಪೆನ್ನಿಗೆ ಹಾಕೋ ಕಾರ್ಟ್ರಿಜ್ 100ರದ್ದು. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ 100ಕ್ಕೆ.

"ಯೂನಿಟ್ ಅಂದ್ರೆ ಯೂನಿಟ್ಟೇ, ಯಾವ ಸಿರಿಂಜ್ ಆದ್ರೇನು, 20ನೇ ಗೆರೆ ತನಕ ಎಳೆದ್ರಾಯ್ತು" ಅಂತ ಹೇಳಿಕೊಡೋರು ಇದಾರೆ. ಈ ಮಾತನ್ನ ನಾನು ಒಪ್ಪಲ್ಲ, ನೀವೂ ಒಪ್ಪಬ್ಯಾಡ್ರಿ. ಲೆಕ್ಕ ಹಾಕಿ ನೋಡ್ರಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಾಗೆ 20ನೇ ಗೆರೆ ತನಕ ಎಳೆದ್ರೆ ಬರೋದು 0.2 ಎಂಎಲ್, ಅಂದ್ರೆ 8 ಯೂನಿಟ್. ಶುಗರ್ ಇಳಿಯಲ್ಲ, ಯಾಕೆ ಅಂತ ಯಾರಿಗೂ ತಿಳಿಯಲ್ಲ. ತಿರುಗಾಮುರುಗಾ ಆದ್ರೆ ಇನ್ನೂ ಘೋರ: 100ರ ಇನ್ಸುಲಿನ್ನು, ಕೆಂಪು ಸಿರಿಂಜು, ಅದೇ 20ನೇ ಗೆರೆ. 0.5 ಎಂಎಲ್ ಬಂತು, 50 ಯೂನಿಟ್ ಒಳಗೆ ಹೋಯ್ತು. ಎರಡೂವರೆ ಪಟ್ಟು! ಊಟ ಮಾಡದೆ ಮಲಗಿರೋ ವಯಸ್ಸಾದವ್ರಾದ್ರೆ ಶುಗರ್ ಪೂರ್ತಿ ಬಿದ್ದು ಜೀವಕ್ಕೇ ಕುತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ಬಾಟಲಿಯೆಲ್ಲಾ 40ರದ್ದೇ ಅಂದ್ಕೋಬ್ಯಾಡ್ರಿ, 100ರ ಬಾಟಲೀನೂ ಬರ್ತಾವೆ. ಅದಕ್ಕೇ ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಬಾಯ್ಬಿಟ್ಟು ಓದ್ರಿ, ಪಕ್ಕದ ಸಿಸ್ಟರ್‌ಗೂ ತೋರಿಸ್ರಿ. ಪೆನ್ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆಯೋ ಅಭ್ಯಾಸಾನೇ ಬ್ಯಾಡ. ನನ್ನ ಕೇಳಿದ್ರೆ, ಈ ಪಾಠನ ಬೋರ್ಡ್ ಮೇಲೆ ಮಾಡಲೇಬಾರ್ದು. ಎರಡೂ ಸಿರಿಂಜು ಕೈಗೆ ಕೊಟ್ಟು, ನೀರು ಎಳೆಸಿ ಕಲಿಸ್ಬೇಕು.

ಇನ್ನು ಡ್ರಿಪ್. 500 ಎಂಎಲ್, 4 ಗಂಟೆ. ಸೆಟ್ಟಿನ ಪ್ಯಾಕೆಟ್ ಮೇಲೆ ಎಂಎಲ್‌ಗೆ 20 ಹನಿ ಅಂತ ಇದ್ರೆ ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಸೆಟ್ ಆದ್ರೆ ಎಂಎಲ್‌ಗೆ 60, ಆಗ ನಿಮಿಷಕ್ಕೆ 125. "ಗಂಟೆಯ ಎಂಎಲ್‌ನ 3ರಿಂದ ಭಾಗಿಸು" ಅನ್ನೋ ಸೀನಿಯರ್‌ಗಳ ಉಪಾಯ 20 ಹನಿ ಸೆಟ್ಟಿಗೆ ಮಾತ್ರ. 15 ಹನಿ ಸೆಟ್ಟಿನ ಉದಾಹರಣೆ ಇರೋ ವಿಡಿಯೋ ನೋಡಿದ್ರೆ ಇದೇ ಲೆಕ್ಕಕ್ಕೆ ಉತ್ತರ 31 ಬರುತ್ತೆ, ಗಾಬರಿ ಆಗಬ್ಯಾಡ್ರಿ.

ಕೊನೇದು, ಮಕ್ಕಳ ಪ್ಯಾರಾಸಿಟಮಾಲ್. 8 ಕೆಜಿ ಮಗು, ಡಾಕ್ಟರ್ ಬರೆದಿರೋದು ಕೆಜಿಗೆ 15 ಎಂಜಿ, ಒಟ್ಟು 120. 5 ಎಂಎಲ್‌ಗೆ 120 ಎಂಜಿ ಇರೋ ಸಿರಪ್ ಆದ್ರೆ 5 ಎಂಎಲ್. ಎಂಎಲ್‌ಗೆ 100 ಎಂಜಿ ಇರೋ ಡ್ರಾಪ್ಸ್ ಆದ್ರೆ ಬರೀ 1.2. ಆ ಡ್ರಾಪ್ಸನ್ನೇ 5 ಎಂಎಲ್ ಕುಡಿಸಿದ್ರೆ 500 ಎಂಜಿ ಆಯ್ತು! ಡಿಸ್ಚಾರ್ಜ್ ದಿನ ತಾಯಿಗೆ "ಒಂದು ಚಮಚ ಹಾಕಮ್ಮ" ಅಂತ ಹೇಳಿ ಕಳಿಸಬ್ಯಾಡ್ರಿ. ಅವರ ಕೈಲೇ ಡ್ರಾಪರ್ ಹಿಡಿಸಿ, ಯಾವ ಗೆರೆ ಅಂತ ಅವರೇ ತೋರಿಸಿದ ಮೇಲೆ ಚೀಟಿ ಕೊಡ್ರಿ.